ಪಾಲಾರಿನ ದಡದಲ್ಲಿ ಒಂದು ಸಂಚಾರ

ಇಂಗ್ಲೆಂಡಿನ ಥೇಮ್ಸ್ ನದಿಯನ್ನು ನಕ್ಷೆಯಲ್ಲಿ ಒಡನೆಯೇ ತೋರಿಸಬಲ್ಲ ನಮ್ಮ ಬಾಲಿಕೆಯರಲ್ಲಿ ಪಾಲಾರನ್ನು ತೋರಿಸಬಲ್ಲವರು ಕೆಲವರೇ ಸರಿ. ಅರಾಮ್ಯರ ಸೇನಾಪತಿಯಾದ ನಾಮಾನನು ದಮಸ್ಕದ ಹೊಳೆಗಳನ್ನು ನೆನೆದು ಯೊರ್ದನನ್ನು ಹೀನವಾಗಿ ಎಣಿಸಿದ ಸಂಗತಿಯನ್ನು ಸತ್ಯವೇದದಲ್ಲಿ ಓದಿರುವಿರಷ್ಟೆ. ವರ್ಷದ ಬಹುಭಾಗ ಬರಿಯ ಮರಳಾಗಿ ತೋರುವ ನಮ್ಮ ಹೊಳೆಯನ್ನು ನಾವೂ ಹಾಗೆಯೇ ಎಣಿಸುತ್ತೇವೆ.

ಆಂಗ್ಲರ ಕಾಲುವೆಗಳಿಗೂ ನಮ್ಮ ಕಾಲುವೆಗಳಿಗೂ ಇರುವ ಭೇದವನ್ನು ಮೊದಲು ಅರಿಯತಕ್ಕದ್ದು. 1761ರಲ್ಲಿ ವರ್ಸ್ಲಿಯ ಗಣಿಗಳ ಕಲ್ಲಿದ್ದಲು ಬ್ರಿಜ್‌ವಾಟರ್ ಕಾಲುವೆಯ ಮಾರ್ಗವಾಗಿ ಸಾಗಲಾರಂಭಿಸಿತು. ಜೇಮ್ಸ್ ಬ್ರಿಂಡ್ಲಿ ಎಂಬ ಯಂತ್ರಜ್ಞನು ಅದನ್ನು ಇರ್‌ವೆಲ್ ನದಿಯ ಮೇಲೆಯೇ ಸೇತುವೆ ಕಟ್ಟಿ ದಾಟಿಸಿದನು. ದೋಣಿಗಳನ್ನು ಎಳೆಯುವ ಕುದುರೆಗಳಿಗಾಗಿ ಆ ದೇಶದ ಕಾಲುವೆಗಳ ಮಗ್ಗುಲಲ್ಲಿ ಹಾದಿಯನ್ನು ಮಾಡಿದ್ದರು. ಸರಕು ರೈಲಿಗೂ ಲಾರಿಗೂ ಹೋದ ಮೇಲೆ ಆ ಹಾದಿ ಕಾಲ್ನಡಿಗೆಯವರ ಪಾಲಾಯಿತು. ಅಲ್ಲಿಯ ನೀರು ಹೊರೆ ಹೊರಲು. ನಮ್ಮದು ಬೆಳೆ ಬೆಳೆಯಲು, ಬಾಯಾರಿಕೆ ನೀಗಲು. ಆದುದರಿಂದ ನಮಗೆ ಕುದುರೆಯ ಹಾದಿಯಿಲ್ಲ, ಕೆರೆಯ ಏರಿಯುಂಟು.

ಪಾಲಾರ್ ಎಂದರೆ ತಮಿಳಿನಲ್ಲಿ ಹಾಲಿನ ಹೊಳೆ, ಸಂಸ್ಕೃತದಲ್ಲಿ ಕ್ಷೀರನದಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಆಂಧ್ರ ತಮಿಳುನಾಡುಗಳನ್ನು ಹಾದು ಬಂಗಾಳ ಕೊಲ್ಲಿಯನ್ನು ಸೇರುವ ಈ ನದಿಯ ಉದ್ದವು ಸುಮಾರು 348 ಕಿಲೋಮೀಟರು. ಅದರಲ್ಲಿ ನಮ್ಮ ಪಾಲು 93. ನಮ್ಮಲ್ಲಿ ಅದನ್ನು ಹರಿಯಗೊಟ್ಟವರು ಕಡಿಮೆ, ಕಟ್ಟಿ ನಿಲ್ಲಿಸಿದವರೇ ಹೆಚ್ಚು. ಬೇತಮಂಗಲದ ಕೆರೆ, ಅದರ ಕೆಳಗೆ ರಾಮಸಾಗರದ ಕೆರೆ, ಎರಡೂ ಈ ನದಿಯವೇ.

ಕ್ಯಾಸಂಬಳ್ಳಿಯ ಕಡೆಯವರು ಒಂದು ಮುಂಜಾನೆ ಬೇತಮಂಗಲದ ಏರಿಯ ಮೇಲೆ ನಿಧಾನವಾಗಿ ನಡೆದು ನೋಡಬೇಕು. ಈ ಊರಿಗೆ ಬಾಣರಾಜನೊಬ್ಬನ ಹೆಸರಿನಿಂದ ವಿಜಯಾದಿತ್ಯಮಂಗಲವೆಂಬ ಹೆಸರಿದ್ದಿತು. ಒಡೆದ ಕೆರೆಯನ್ನು 10ನೆಯ ಶತಮಾನದಲ್ಲಿ ನೊಳಂಬರು ಮತ್ತೆ ಕಟ್ಟಿಸಿದರು. ಎಂದರೆ ಕೆರೆಯು ಅದಕ್ಕಿಂತಲೂ ಹಳೆಯದು. ಏರಿಯ ಒಳಮೈಗೆ ಅಲೆಗಳು ಮಣ್ಣನ್ನು ಕೊರೆಯದಂತೆ ಕಲ್ಲು ಹೊದಿಸುವರು. ನೀರನ್ನು ಅಚ್ಚುಕಟ್ಟಿನ ಗದ್ದೆಗಳಿಗೆ ಬಿಡುವುದು ತೂಬು. ತುಂಬಿದ ಕೆರೆ ಏರಿಯನ್ನು ಒಡೆಯದಂತೆ ಹೆಚ್ಚಿನ ನೀರನ್ನು ಹೊರದೂಡುವುದು ಕೋಡಿ. ತೂಬನ್ನು ತೆರೆದು ಮುಚ್ಚಿ, ಗದ್ದೆಗದ್ದೆಗೂ ನೀರನ್ನು ಹಂಚುತ್ತಿದ್ದವನು ನೀರುಗಂಟಿ. ಅವನ ಮಾತನ್ನು ಗೌಡರೂ ಮೀರುತ್ತಿರಲಿಲ್ಲ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳನ್ನು ಗುರುತಿಸಲು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ದೊರೆಯದು.

ಕೋಲಾರದ ಚಿನ್ನದ ಗಣಿಗಳ ಕಾಲೊನಿಗಳಿಗೆ ದೀರ್ಘಕಾಲ ಕುಡಿಯುವ ನೀರು ಹೋಗುತ್ತಿದ್ದುದೂ ಈ ಕೆರೆಯಿಂದಲೇ. 2001ರಲ್ಲಿ ಗಣಿಗಳು ಮುಚ್ಚಿದವು. ಚಿನ್ನದ ಮಾತನ್ನು ಲೋಕವೆಲ್ಲ ಆಡಿತು; ಗಣಿಗಾರನ ಮನೆಯಾಕೆ ನಲ್ಲಿಯ ಮುಂದೆ ಬಿಂದಿಗೆಯಿಟ್ಟು ಕಾದ ನೀರಿನ ಮಾತನ್ನು ಯಾರೂ ಬರೆದಿಡಲಿಲ್ಲ.

ಇಂದಿನ ಸ್ಥಿತಿಯನ್ನೂ ಮರೆಮಾಚಬಾರದು. ನದಿಯ ಮರಳನ್ನು ಬಗೆದು ಸಾಗಿಸಿದರು, ರಾಜಕಾಲುವೆಗಳನ್ನು ಒತ್ತಿದರು, ಮೇಲಿನ ಬಯಲುಗಳಲ್ಲಿ ನೀಲಗಿರಿ ಮರಗಳನ್ನು ಬೆಳೆಸಿದರು. ಕೆರೆ ಬತ್ತಿದ ಮೇಲೆ ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದವು. ಆ ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಅಂಶ ಹೆಚ್ಚಾಗಿ ಮಕ್ಕಳ ಹಲ್ಲುಗಳನ್ನು ಕೆಡಿಸಿತು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧಿಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂತರ್ಜಲವೇರಿತೆಂದು ಹರ್ಷಿಸುವ ರೈತರುಂಟು. ಎರಡು ಹಂತದ ಶುದ್ಧಿ ಸಾಲದು, ಮೂರನೆಯದೂ ಬೇಕೆಂದು ನ್ಯಾಯಾಲಯದ ಮೆಟ್ಟಿಲೇರಿದವರೂ ಉಂಟು. ಈ ಎರಡನೆಯವರ ಆತಂಕವು ನನಗೆ ನ್ಯಾಯವಾಗಿಯೇ ತೋರುತ್ತದೆ. ಕೆರೆಗೆ ಬಂದುದು ಬಾವಿಗೆ ಬಾರದಿರುವುದೇ?

ನೀರಿನ ಜಗಳ ಹೊಸತಲ್ಲ. ಮೈಸೂರು ಮದರಾಸುಗಳ 1892ರ ಒಪ್ಪಂದದಲ್ಲಿ ಪಾಲಾರಿನ ಹೆಸರೂ ಉಂಟು. ಮದರಾಸಿನ ಸಮ್ಮತಿಯಿಲ್ಲದೆ ಮೈಸೂರಿನವರು ಅದಕ್ಕೆ ಹೊಸ ಕಟ್ಟೆ ಕಟ್ಟುವಂತಿರಲಿಲ್ಲ. ಆದರೆ 2021ರ ನವೆಂಬರಿನ ಮಹಾವೃಷ್ಟಿಯಲ್ಲಿ ಯಾರ ಸಮ್ಮತಿಗೂ ಕಾಯದೆ ಹೊಳೆ ಎದ್ದಿತು. ಕೋಲಾರದ ಕೆರೆಗಳು ತುಂಬಿದವು, ವೇಲೂರಿನ ಕಡೆ ಪಾಲಾರು ದಡ ಮೀರಿತು.

ಏರಿಗೆ ಹೋಗತಕ್ಕವರು ಮಳೆಗಾಲ ಕಳೆದು ಚಳಿ ತೊಡಗಿದ ದಿನಗಳನ್ನು ಆರಿಸಿಕೊಳ್ಳಲಿ. ನೀರೂ ಇರುವುದು, ಬಿಸಿಲೂ ಬಾಧಿಸದು. ತೂಬಿನ ಬಳಿ ಆಳ ಹೆಚ್ಚು, ಕೋಡಿಯ ಕಲ್ಲುಗಳ ಮೇಲೆ ಪಾಚಿಯ ಜಾರಿಕೆಯುಂಟು. ಮಕ್ಕಳ ಕೈಯನ್ನು ಬಿಡಬೇಡಿರಿ.