ಟಿಕೆಟ್ ಲೆಕ್ಕದ ಒಂದು ಸಾಲು, ಪ್ರೊಸೆಸರಿಗೆ ಐದು ಆದೇಶ

ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಪ್ರೊಸೆಸರ್ ನೇರವಾಗಿ ಓದಲಾರದು. ಅದಕ್ಕೆ ತಿಳಿಯುವುದು ತರು, ಗುಣಿಸು, ಕೂಡಿಸು, ಇಡು ಎಂಬಂಥ ಚಿಲ್ಲರೆ ಆದೇಶಗಳು. ಅವೂ ಸೊನ್ನೆ–ಒಂದುಗಳ ರೂಪದಲ್ಲಿ. ಒಂದನ್ನು ಇನ್ನೊಂದಾಗಿಸುವ ತಂತ್ರಾಂಶವೇ ಕಂಪೈಲರ್.

ಮಂಗಳೂರಿನ ಸ್ಟೇಟ್‌ಬ್ಯಾಂಕ್‌ನಿಂದ ಸುರತ್ಕಲ್‌ಗೆ ಹೊರಟ ಸಿಟಿ ಬಸ್ಸಿನ ಟಿಕೆಟ್ ಮೆಷಿನ್ನಿನಲ್ಲಿ ಇಂಥದೊಂದು ಸಾಲು ಇದೆಯೆಂದು ಇಟ್ಟುಕೊಳ್ಳಬಹುದು:

ಒಟ್ಟು = ಜನ * ದರ + 10;

ಕೊನೆಯ ಹತ್ತು ರೂಪಾಯಿ ಲಗೇಜಿನದು. ಹೆಸರುಗಳನ್ನು ಹೀಗೆ ಕನ್ನಡದಲ್ಲೇ ಬರೆಯಲು 2020ರಲ್ಲಿ ಬಂದ ಜಿಸಿಸಿ 10 ಕಂಪೈಲರ್ ಬಿಡುತ್ತದೆ; ಕನ್ನಡ ಅಂಕಿಯನ್ನು ಮಾತ್ರ ಸಂಖ್ಯೆಯೆಂದು ಒಪ್ಪುವುದಿಲ್ಲ.

ಕಂಪೈಲರ್ ಮೊದಲು ಸಾಲನ್ನು ಎಂಟು ತುಂಡು ಮಾಡುತ್ತದೆ: ಮೂರು ಹೆಸರು, ಮೂರು ಚಿಹ್ನೆ, ಒಂದು ಸಂಖ್ಯೆ, ಒಂದು ಅರ್ಧವಿರಾಮ. ಇವೇ ಟೋಕನ್‌ಗಳು. ಬಳಿಕ ವ್ಯಾಕರಣದ ಸರದಿ. ಗುಣಾಕಾರ ಮೊದಲು, ಕೂಡಿಕೆ ಆಮೇಲೆ ಎಂಬ ಕ್ರಮವನ್ನು ತೋರುವ ಮರವೊಂದು ಸಿದ್ಧವಾಗುತ್ತದೆ. ಅರ್ಧವಿರಾಮ ಬಿಟ್ಟುಹೋಗಿದ್ದರೆ ತಕರಾರು ಏಳುವುದು ಇಲ್ಲಿಯೇ. ದರದ ಜಾಗದಲ್ಲಿ ಊರಿನ ಹೆಸರು ತುಂಬಿದ್ದರೆ ಮುಂದಿನ ಹಂತ ಅದನ್ನು ಹಿಡಿಯುತ್ತದೆ.

ಸುರತ್ಕಲ್ಲಿನ ಎನ್‌ಐಟಿಕೆಯಲ್ಲೂ ವಿಟಿಯು ಕಾಲೇಜುಗಳಲ್ಲೂ ಕಂಪೈಲರ್ ಪಾಠವಿದೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಲೆಕ್ಸ್, ಯಾಕ್ ಎಂಬ ಸಲಕರಣೆಗಳು ಕೈಯಲ್ಲಿದ್ದರೆ ವಿದ್ಯಾರ್ಥಿಗಳೂ ಇಷ್ಟನ್ನು ಕಟ್ಟಿಬಿಡಬಹುದು. ಕಷ್ಟ ಇರುವುದು ಇದರಾಚೆ.

1957ರಲ್ಲಿ ಜಾನ್ ಬ್ಯಾಕಸ್ ತಂಡ ಐಬಿಎಂಗಾಗಿ ಫೋರ್ಟ್ರಾನ್ ಕಂಪೈಲರ್ ಹೊರತಂದಾಗ ಜನರಿಗಿದ್ದ ಸಂಶಯವೂ ಅದೇ: ಕೈಯಲ್ಲಿ ಬರೆದ ಆದೇಶಗಳ ವೇಗ ಯಂತ್ರ ಬರೆದದ್ದಕ್ಕೆ ಬಂದೀತೇ? ಅದಕ್ಕೇ ಆಪ್ಟಿಮೈಸೇಶನ್. ಮರವನ್ನು ಸಣ್ಣ ಸಣ್ಣ ಹೆಜ್ಜೆಗಳ ಮಧ್ಯಂತರ ರೂಪಕ್ಕಿಳಿಸಿ, 5 + 5 ಎಂದಿದ್ದರೆ ಆಗಲೇ 10 ಮಾಡಿ, ಲೂಪಿನಲ್ಲಿ, ಅಂದರೆ ಮತ್ತೆ ಮತ್ತೆ ನಡೆಯುವ ಭಾಗದಲ್ಲಿ, ಬದಲಾಗದ ಲೆಕ್ಕವನ್ನು ಹೊರಗೆಳೆಯಲಾಗುತ್ತದೆ. ಮೆಮೊರಿಯಿಂದ ತರುವ ಕೆಲಸ ನಿಧಾನದ್ದು. ಒಮ್ಮೆ ತಂದದ್ದನ್ನು ಮತ್ತೆ ಮತ್ತೆ ಬಳಸುವಂತೆ ಲೂಪುಗಳನ್ನೇ ತಿರುಗಿಸಿ ಹೆಣೆಯುವ ‘ಪ್ಲೂಟೋ’ ಎಂಬ ಸಲಕರಣೆಯನ್ನು ರೂಪಿಸಿದ ಉದಯ್ ಬೊಂಧುಗುಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು. ಅದೇ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ 2002ರಲ್ಲಿ ಕಂಪೈಲರ್ ವಿನ್ಯಾಸದ ಕೈಪಿಡಿಯನ್ನು ಸಂಪಾದಿಸಿದರು.

ಕೊನೆಗೆ ರಿಜಿಸ್ಟರ್‌ಗಳ, ಅಂದರೆ ಪ್ರೊಸೆಸರಿನೊಳಗೇ ಮೌಲ್ಯಗಳನ್ನಿಡುವ ಪುಟ್ಟ ಜಾಗಗಳ, ಹಂಚಿಕೆ. 64 ಬಿಟ್‌ನ ಆರ್ಮ್ ಪ್ರೊಸೆಸರಿನಲ್ಲಿ ಸಾಮಾನ್ಯ ಬಳಕೆಗಿರುವುದು 31 ರಿಜಿಸ್ಟರ್. ಯಾವ ಮೌಲ್ಯ ಎಷ್ಟು ಹೊತ್ತು ಅಲ್ಲಿರಬೇಕೆಂದು ಕಂಪೈಲರೇ ತೀರ್ಮಾನಿಸಬೇಕು. ಟಿಕೆಟ್ಟಿನ ಸಾಲು ಆರ್ಮ್‌ನಲ್ಲಿ ಐದು ಆದೇಶವಾಗುತ್ತದೆ: ಜನ ತರು, ದರ ತರು, ಗುಣಿಸು, 10 ಕೂಡಿಸು, ‘ಒಟ್ಟು’ ಎಂಬಲ್ಲಿ ಇಡು. ಇಂಟೆಲ್ ಪ್ರೊಸೆಸರ್ ಮೆಮೊರಿಯಲ್ಲಿರುವ ದರದಿಂದಲೇ ಗುಣಿಸಬಲ್ಲದು. ಅಲ್ಲಿ ನಾಲ್ಕು ಸಾಕು. ಹೊಸ ಪ್ರೊಸೆಸರ್ ಬಂದಾಗ ಜಿಸಿಸಿಯಂಥ ಕಂಪೈಲರಿನಲ್ಲಿ ಮುಖ್ಯವಾಗಿ ಈ ಕೊನೆಯ ಭಾಗವನ್ನೇ ಹೊಸದಾಗಿ ಬರೆಯುತ್ತಾರೆ. ವ್ಯಾಕರಣದ ಭಾಗ ಇದ್ದಂತೆಯೇ ಇರುತ್ತದೆ.