ನೇಯದೆ ಮಾಡುವ ನಾರಿನ ಹಾಸುಗಳು: ಅವುಗಳ ತಯಾರಿಕೆಯ ಕ್ರಮವೂ, ಮಲೆನಾಡಿನ ಧರೆಗಳಿಗೆ ಅವುಗಳ ಉಪಯೋಗವೂ

ನೂಲು ತೆಗೆಯದೆ, ಮಗ್ಗಕ್ಕೆ ಏರಿಸದೆ, ಹಾಸುಹೊಕ್ಕುಗಳಿಲ್ಲದೆ, ಬಿಡಿ ನಾರುಗಳನ್ನೇ ಒಂದರೊಡನೊಂದು ತೊಡಕಿಕೊಳ್ಳುವಂತೆ ಅಥವಾ ಅಂಟಿಕೊಳ್ಳುವಂತೆ ಮಾಡಿ ತಯಾರಿಸತಕ್ಕ ಬಟ್ಟೆಗಳಿಗೆ ‘ನಾನ್‌ವೋವನ್’, ಎಂದರೆ ನೇಯದ ಬಟ್ಟೆಗಳೆಂದು ಹೆಸರು. ೨೦೨೦ನೆಯ ಇಸವಿಯ ಸಾಂಕ್ರಾಮಿಕ ರೋಗದ ಕಾಲದಲ್ಲಿ ಜನರು ಧರಿಸಿದ ಮೂರು ಪದರದ ಮುಖಗವಸು, ಅಂಗಡಿಗಳಲ್ಲಿ ಬಟ್ಟೆಯ ಚೀಲವೆಂದು ಕೊಡುವ ಬಣ್ಣದ ಕೈಚೀಲ, ಹಾಸಿಗೆಯೊಳಗಿನ ರಬ್ಬರು ಸೇರಿಸಿದ ತೆಂಗಿನ ನಾರಿನ ಪದರ, ಇವೆಲ್ಲವೂ ಈ ಜಾತಿಗೆ ಸೇರಿದವುಗಳೇ.

ಹೊರನಾಡು, ಕಳಸ, ಮೂಡಿಗೆರೆ ಸೀಮೆಯ ಭೂಮಾಲೀಕರಿಗೆ ಈ ವಿಷಯವು ಈಗ ವಿಶೇಷವಾಗಿ ತಿಳಿದಿರತಕ್ಕದ್ದಾಗಿದೆ. ತೋಟಗಳಿಗೆ ವಾಹನ ಹೋಗುವ ದಾರಿಗಾಗಿ ಗುಡ್ಡದ ಮಗ್ಗುಲನ್ನು ಕಡಿದು ಮಾಡಿದ ಧರೆಗಳು ಮಳೆಗಾಲದಲ್ಲಿ ಕೊಚ್ಚಿಹೋಗುವುದನ್ನು ಎಲ್ಲರೂ ಬಲ್ಲರು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿರುವ ಹೆಬ್ಬಾಳೆ ಸೇತುವೆಯ ಬಳಿ ಭದ್ರಾನದಿಯು ಮುಂಗಾರಿನಲ್ಲಿ ಕೆಂಪಾಗಿ ಹರಿಯುವುದು ನಮ್ಮ ತೋಟಗಳ ಮೇಲ್ಮಣ್ಣಿನಿಂದಲೇ ಆಗಿದೆ. ೨೦೧೯ನೆಯ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಗ್ರಾಮಗಳಲ್ಲಿ ಗುಡ್ಡ ಕುಸಿದು ಮನೆಗಳೂ ತೋಟಗಳೂ ಹಾಳಾದವು. ಇಂಥ ಸ್ಥಳಗಳಲ್ಲಿ ಮಣ್ಣನ್ನು ಕಾಪಾಡುವುದಕ್ಕೆಂದು ನಾರಿನ ಹಾಸುಗಳನ್ನು ಮಾರುವವರು ಉಂಟು. ಆದರೆ ಒಂದೇ ಹೆಸರಿನಿಂದ ಮಾರಲ್ಪಡುವ ಹಾಸುಗಳು ಗುಣದಲ್ಲಿ ಒಂದೇ ತೆರನಾಗಿರುವುದಿಲ್ಲ. ನಾರು ಯಾವುದು, ಅದನ್ನು ಬಂಧಿಸಿದ ಕ್ರಮ ಯಾವುದು ಎಂಬ ಎರಡು ಸಂಗತಿಗಳನ್ನು ವಿಚಾರಿಸದೆ ಕೊಂಡಲ್ಲಿ, ಒಂದೇ ಮಳೆಗಾಲದಲ್ಲಿ ಹಣವೂ ಮಣ್ಣೂ ಒಟ್ಟಿಗೆ ಹಳ್ಳವನ್ನು ಸೇರುವುವು. ಆದಕಾರಣ ಈ ಹಾಸುಗಳನ್ನು ತಯಾರಿಸುವ ಕ್ರಮವನ್ನು ಮೊದಲು ತಿಳಿಸಿ, ಅನಂತರ ಉಪಯೋಗವನ್ನು ವಿವರಿಸಿದೆ.

೧. ಮೂಲತತ್ತ್ವ

ಈ ಬಗೆಯ ವಸ್ತುಗಳಲ್ಲಿ ಅತ್ಯಂತ ಹಳೆಯದು ಉಣ್ಣೆಯ ಫೆಲ್ಟ್. ಕುರಿಯ ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮವಾದ ಪದರಗಳಿರುತ್ತವೆ. ಬಿಸಿನೀರು ಸೋಕಿಸಿ ಒತ್ತಿ ಉಜ್ಜಿದರೆ ಈ ಹುರುಪೆಗಳು ಒಂದರೊಳಗೊಂದು ಸಿಕ್ಕಿಕೊಂಡು, ಮತ್ತೆ ಬಿಡಿಸಲಾಗದಂತೆ ಗಟ್ಟಿಯಾಗುತ್ತವೆ. ನಮ್ಮ ಕಂಬಳಿಯು ಮಗ್ಗದಲ್ಲಿ ನೇಯ್ದದ್ದೇ ಆದರೂ, ಬಳಸಿ ತೊಳೆದ ಹಾಗೆಲ್ಲ ಅದರ ಎಳೆಗಳು ಕೂಡಿಕೊಂಡು ರಂಧ್ರಗಳು ಮುಚ್ಚುವುದು ಈ ಗುಣದಿಂದಲೇ. ತೆಂಗು, ಅಡಿಕೆ, ಬಾಳೆ ಮುಂತಾದ ಗಿಡಮರಗಳ ನಾರಿಗಾಗಲಿ, ಕಾರ್ಖಾನೆಯಲ್ಲಿ ಮಾಡಿದ ಪ್ಲಾಸ್ಟಿಕ್ ಎಳೆಗಾಗಲಿ ಇಂಥ ಹುರುಪೆಗಳಿಲ್ಲ. ಆದ್ದರಿಂದ ಅವುಗಳನ್ನು ಹಿಡಿದಿಡಲು ಬೇರೆ ಉಪಾಯಗಳನ್ನು ಮಾಡಬೇಕಾಗುತ್ತದೆ. ಈ ಉಪಾಯಗಳೇ ತಯಾರಿಕೆಯ ಭೇದಗಳಿಗೆ ಕಾರಣ.

೨. ನಾರನ್ನು ಪದರವಾಗಿ ಹರಡುವುದು

ತಯಾರಿಕೆಯಲ್ಲಿ ಎರಡು ಘಟ್ಟಗಳಿವೆ. ಮೊದಲನೆಯದು ನಾರನ್ನು ಸಮನಾದ ಪದರವಾಗಿ ಹರಡುವುದು. ಇದನ್ನು ಮೂರು ವಿಧವಾಗಿ ಮಾಡುತ್ತಾರೆ.

ಒಣ ಕ್ರಮ: ಹತ್ತಿಯನ್ನು ಹಿಂಜುವಂತೆ, ಮುಳ್ಳುಗಳುಳ್ಳ ಉರುಳೆಗಳ ನಡುವೆ ನಾರನ್ನು ಬಿಡಿಸಿ, ತೆಳುವಾದ ಪದರಗಳನ್ನು ಒಂದರ ಮೇಲೊಂದು ಹೇರುತ್ತಾರೆ. ತೆಂಗಿನ ನಾರಿನಂತಹ ಒರಟಾದ ನಾರನ್ನು ಗಾಳಿಯ ಬಲದಿಂದ ಹರಡುವುದೂ ಉಂಟು.

ಒದ್ದೆ ಕ್ರಮ: ನಾರನ್ನು ಬೇಯಿಸಿ, ಜಜ್ಜಿ, ಬಹಳ ನೀರಿನಲ್ಲಿ ಕಲಸಿ, ಜಾಲರಿಯ ಮೇಲೆ ಎತ್ತಿ ನೀರನ್ನು ಬಸಿಯುತ್ತಾರೆ. ಕಾಗದವನ್ನು ಮಾಡುವ ಕ್ರಮವೂ ಇದೇ.

ಕರಗಿಸುವ ಕ್ರಮ: ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಹರಳುಗಳನ್ನು ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಎಳೆಗಳಾಗಿ ಹಿಂಡಿ, ಗಾಳಿಯಿಂದ ಎಳೆದು, ಚಲಿಸುವ ಪಟ್ಟಿಯ ಮೇಲೆ ಬೀಳಿಸುತ್ತಾರೆ. ಇಲ್ಲಿ ನಾರಿನ ತಯಾರಿಕೆಯೂ ಬಟ್ಟೆಯ ತಯಾರಿಕೆಯೂ ಒಂದೇ ಯಂತ್ರದಲ್ಲಿ ಮುಗಿಯುತ್ತವೆ. ಮುಖಗವಸಿನ ನಡುವಣ ಸೋಸುವ ಪದರವು ಇದರ ಒಂದು ಭೇದ. ಬಿಸಿಗಾಳಿಯ ವೇಗದಿಂದ ಅತಿ ಸೂಕ್ಷ್ಮವಾದ ಎಳೆಗಳನ್ನು ಮಾಡುವ ಈ ಭೇದವು ೧೯೫೦ರ ದಶಕದಲ್ಲಿ ಅಮೆರಿಕದ ನೌಕಾದಳದ ಸಂಶೋಧನಾಲಯದಲ್ಲಿ ಬೆಳೆಯಿತು.

೩. ಪದರವನ್ನು ಬಂಧಿಸುವುದು

ಹರಡಿದ ಪದರವು ಊದಿದರೆ ಚೆದರುವಷ್ಟು ಸಡಿಲವಾಗಿರುತ್ತದೆ. ಅದನ್ನು ಬಂಧಿಸುವುದೇ ಎರಡನೆಯ ಘಟ್ಟ. ಹಾಸಿನ ಗುಣವೆಲ್ಲವೂ ಇಲ್ಲಿಯೇ ನಿರ್ಣಯವಾಗುತ್ತದೆ.

ಸೂಜಿಯ ಬಂಧನ: ಒಂದು ಹಲಗೆಗೆ ಸಾಲುಸಾಲಾಗಿ ಸೂಜಿಗಳನ್ನು ನೆಟ್ಟು, ನಾರಿನ ಪದರದ ಮೇಲೆ ಅದನ್ನು ವೇಗವಾಗಿ ಏರಿಸಿ ಇಳಿಸುತ್ತಾರೆ. ಈ ಸೂಜಿಗಳ ಮಗ್ಗುಲಲ್ಲಿ ಸಣ್ಣ ಮುಳ್ಳುಗಳಿದ್ದು, ಇಳಿಯುವಾಗ ಮೇಲಿನ ನಾರುಗಳನ್ನು ಕೆಳಗಿನ ಪದರಕ್ಕೆ ಎಳೆದೊಯ್ದು ಅಲ್ಲಿಯೇ ಬಿಟ್ಟುಬರುತ್ತವೆ. ಹೀಗೆ ಆದ ಹಾಸು ದಪ್ಪವಾಗಿಯೂ, ರಂಧ್ರಮಯವಾಗಿಯೂ, ಬಗ್ಗುವಂತೆಯೂ ಇರುತ್ತದೆ. ನೀರು ಸರಾಗವಾಗಿ ದಾಟುತ್ತದೆ, ಮಣ್ಣು ತಡೆಯಲ್ಪಡುತ್ತದೆ.

ಅಂಟಿನ ಬಂಧನ: ಸುರುಳಿಸುತ್ತಿದ ತೆಂಗಿನ ನಾರಿನ ಪದರಕ್ಕೆ ರಬ್ಬರು ಹಾಲನ್ನು ಸಿಂಪಡಿಸಿ, ಒತ್ತಿ, ಕಾಯಿಸಿದರೆ ನಾರುಗಳು ಕೂಡುವೆಡೆಯಲ್ಲೆಲ್ಲ ಅಂಟಿಕೊಂಡು ಪುಟಿಯುವ ಹಾಸು ದೊರೆಯುತ್ತದೆ. ಇದು ಹಾಸಿಗೆಗೂ ಸಾಮಾನುಗಳ ಕಟ್ಟಣೆಗೂ ಯೋಗ್ಯ, ಧರೆಗೆ ದುಬಾರಿ.

ಶಾಖದ ಬಂಧನ: ಪಾಲಿಪ್ರೊಪಿಲೀನು ಸುಮಾರು ೧೬೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗುವುದರಿಂದ, ಅದರ ಪದರವನ್ನು ಬಿಸಿ ಉರುಳೆಗಳ ನಡುವೆ ಹಾಯಿಸಿ ಚುಕ್ಕಿಚುಕ್ಕಿಯಾಗಿ ಬೆಸೆಯುತ್ತಾರೆ. ಕೈಚೀಲಗಳ ಮೇಲೆ ಕಾಣುವ ಸಾಲುಚುಕ್ಕಿಗಳು ಈ ಬೆಸುಗೆಯ ಗುರುತು.

ಹೊಲಿಗೆಯ ಬಂಧನ: ಎರಡು ಬಲೆಗಳ ನಡುವೆ ತೆಂಗಿನ ನಾರನ್ನು ಹರಡಿ, ಕೌದಿಯನ್ನು ಹೊಲಿಯುವಂತೆ ಹೊಲಿದ ಹಾಸುಗಳೂ ಉಂಟು. ಇವು ಧರೆಗೆ ಹೊದಿಸುವುದಕ್ಕೆ ತಕ್ಕವು.

೪. ನಮ್ಮ ಸೀಮೆಯ ನಾರುಗಳ ಯೋಗ್ಯತೆ

ತೆಂಗಿನ ನಾರು ಉದ್ದವೂ ಗಡುಸೂ ಆದುದು. ಕೊಳೆಯುವುದನ್ನು ತಡೆಯುವ ಲಿಗ್ನಿನ್ ಎಂಬ ದ್ರವ್ಯವು ಇದರಲ್ಲಿ ನೂರಕ್ಕೆ ೪೦ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇರುವುದರಿಂದ, ಇದರ ಹಾಸು ಸಾಮಾನ್ಯವಾಗಿ ಎರಡು ಮೂರು ಮಳೆಗಾಲಗಳನ್ನು ತಾಳಿ, ಅನಂತರ ಮಣ್ಣಿನಲ್ಲಿ ಸೇರುತ್ತದೆ. ಅಷ್ಟರೊಳಗೆ ಹುಲ್ಲು ಬೇರೂರಿದರೆ ಹಾಸಿನ ಕೆಲಸ ಮುಗಿಯಿತು. ಇದು ತುಮಕೂರು, ಹಾಸನ ಜಿಲ್ಲೆಗಳ ತೆಂಗಿನ ಸೀಮೆಯಿಂದ ದೊರೆಯುತ್ತದೆ.

ಅಡಿಕೆಯ ಸಿಪ್ಪೆಯು ನಮ್ಮ ಅಂಗಳಗಳಲ್ಲಿಯೇ ರಾಶಿಯಾಗಿ ಬೀಳುತ್ತದೆ. ಅದರಲ್ಲಿಯೂ ನಾರಿರುವುದು ನಿಜ. ಆದರೆ ನಾರು ಕಾಯಿಗಿಂತ ಉದ್ದವಾಗಲಾರದಷ್ಟೆ. ಎರಡು ಅಂಗುಲದ ನಾರಿಗೆ ಸೂಜಿಯ ಬಂಧನವು ಗಟ್ಟಿಯಾಗಿ ಹಿಡಿಯದು. ಉದ್ದನಾರಿನೊಡನೆ ಬೆರಸಿ ಅಥವಾ ಅಂಟನ್ನು ಸೇರಿಸಿ ಒತ್ತಿದ ಹಲಗೆಗಳಾಗಿ ಮಾಡುವುದೇ ಅದಕ್ಕೆ ತಕ್ಕ ಮಾರ್ಗ. ಅಡಿಕೆ ಸಿಪ್ಪೆಯಿಂದಲೇ ಧರೆಯ ಹಾಸನ್ನು ಮಾಡಿಕೊಡುವೆವೆಂದು ಯಾರಾದರೂ ಹೇಳಿದಲ್ಲಿ, ಒಂದು ಮಳೆಗಾಲ ನಿಂತ ಮಾದರಿಯನ್ನು ಕಣ್ಣಾರೆ ನೋಡಿದ ಮೇಲೆಯೇ ಒಪ್ಪತಕ್ಕದ್ದು.

ಬಾಳೆಯ ದಿಂಡಿನ ಪಟ್ಟೆಗಳಿಂದ ತೆಗೆದ ನಾರು ಒದ್ದೆ ಕ್ರಮಕ್ಕೆ ಒಳ್ಳೆಯದು, ಗಟ್ಟಿಯಾದ ಕೈಕಾಗದವಾಗುತ್ತದೆ. ಕಾಗದವು ನೆನೆದರೆ ಬಿಚ್ಚಿಕೊಳ್ಳುವುದರಿಂದ ಮಲೆನಾಡಿನ ಬಯಲಿಗೆ ಅದು ಸಲ್ಲದು.

೫. ಕೊಳ್ಳುವ ಮುನ್ನ ಪರೀಕ್ಷೆ

(ಅ) ಅಂಚಿನಿಂದ ಒಂದೆಳೆಯನ್ನು ಎಳೆದು ನೋಡುವುದು. ಉದ್ದಕ್ಕೂ ನೂಲು ಬಿಚ್ಚಿಬಂದರೆ ಅದು ನೇಯ್ದದ್ದು. ಬಿಡಿನಾರು ಮಾತ್ರ ಕಿತ್ತುಬಂದರೆ ಅಥವಾ ಏನೂ ಬಾರದಿದ್ದರೆ ನೇಯದ್ದು.

(ಆ) ಸಣ್ಣ ಚೂರನ್ನು ಬೆಂಕಿಗೆ ಹಿಡಿಯುವುದು. ತೆಂಗಿನ ನಾರು ಒಣ ಎಲೆ ಸುಟ್ಟ ವಾಸನೆಯನ್ನು ಬೀರಿ ಬೂದಿಯಾಗುತ್ತದೆ. ಪಾಲಿಪ್ರೊಪಿಲೀನು ಮುದುಡಿ, ಕರಗಿ ತೊಟ್ಟಿಕ್ಕಿ, ಆರಿದ ಮೇಲೆ ಗಟ್ಟಿಯಾದ ಗುಂಡಾಗುತ್ತದೆ. ತೊಟ್ಟಿಕ್ಕುವ ಹನಿಯು ಕೈಯನ್ನು ಸುಡುವುದಾದ್ದರಿಂದ ಇಕ್ಕಳದಲ್ಲಿ ಹಿಡಿಯತಕ್ಕದ್ದು.

(ಇ) ಅರ್ಧ ಮೀಟರ್ ಚೌಕದ ತುಂಡನ್ನು ತೂಗಿ, ಬಂದ ತೂಕವನ್ನು ನಾಲ್ಕರಿಂದ ಗುಣಿಸುವುದು. ತುಂಡು ೫೦ ಗ್ರಾಂ ಇದ್ದಲ್ಲಿ ಚದರ ಮೀಟರಿಗೆ ೨೦೦ ಗ್ರಾಂ ಆಯಿತು. ಮಾರುವವರು ಹೇಳಿದ ತೂಕದೊಡನೆ ಇದನ್ನು ಹೋಲಿಸಿ ನೋಡುವುದು.

(ಈ) ಹಾಸಿನ ಮೇಲೆ ಕೆಂಪುಮಣ್ಣಿನ ರಾಡಿಯನ್ನು ಸುರಿದು, ಕೆಳಗೆ ಬರುವ ನೀರನ್ನು ನೋಡುವುದು. ನೀರು ಬೇಗನೆ ಇಳಿದು ಮಣ್ಣಿನ ಬಹುಭಾಗವು ಮೇಲೆಯೇ ನಿಲ್ಲಬೇಕು.

ಕೈಚೀಲದ ಬಟ್ಟೆಯ ವಿಷಯವಾಗಿ ಒಂದು ಮಾತು. ಯಾತ್ರಿಕರು ಹೆಚ್ಚಾಗಿ ಬರುವ ಹೊರನಾಡಿನಂತಹ ಕ್ಷೇತ್ರಗಳಲ್ಲಿ ಇಂಥ ಚೀಲಗಳು ಅರಿವೆಯೆಂಬ ಭಾವನೆಯಿಂದ ತೋಟದ ಗೊಬ್ಬರದ ಗುಂಡಿಗೂ ಸೇರುತ್ತವೆ. ಅವು ಪ್ಲಾಸ್ಟಿಕ್ಕೇ, ಕೊಳೆಯುವುದಿಲ್ಲ, ಬಿಸಿಲಿಗೆ ಪುಡಿಪುಡಿಯಾಗಿ ಮಣ್ಣಿನಲ್ಲಿ ಉಳಿಯುತ್ತವೆ. ಚದರ ಮೀಟರಿಗೆ ೬೦ ಗ್ರಾಮಿಗಿಂತ ಕಡಮೆ ತೂಕದ ಇಂಥ ಚೀಲಗಳನ್ನು ಕೇಂದ್ರ ಸರ್ಕಾರದ ನಿಯಮವು ೨೦೨೧ನೆಯ ಸೆಪ್ಟೆಂಬರ್ ೩೦ರಿಂದ ನಿಷೇಧಿಸಿದೆ. ಗ್ರಾಮದ ಮುಖಂಡರು ಇದನ್ನು ಅಂಗಡಿಯವರಿಗೆ ತಿಳಿಯಪಡಿಸುವುದು ಒಳ್ಳೆಯದು.

೬. ಎಲ್ಲಿ ಯಾವುದನ್ನು ಉಪಯೋಗಿಸತಕ್ಕದ್ದು

ಹೊಸದಾಗಿ ಕಡಿದ ಧರೆಗೆ ತೆಂಗಿನ ನಾರಿನ ಹಾಸೇ ಯೋಗ್ಯ. ಸಾಧಾರಣ ಇಳಿಜಾರಿಗೆ ಹೊಲಿದ ಅಥವಾ ಸೂಜಿಯಿಂದ ಬಂಧಿಸಿದ ತೆಳು ಹಾಸು ಸಾಕು. ಕಡಿದಾದ ಇಳಿಜಾರಿಗೂ, ನೀರು ಧಾರೆಯಾಗಿ ಇಳಿಯುವೆಡೆಗೂ ಕತ್ತದ ಹುರಿಯಿಂದ ನೇಯ್ದ ಬಲೆಯೇ ಹೆಚ್ಚು ಬಲವಾದುದು. ಇಲ್ಲಿ ನೇಯದ ಹಾಸನ್ನು ಅಗ್ಗವೆಂದು ಹಾಕಬಾರದು. ೨೦೨೦ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಮಂತ್ರಾಲಯವು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೆಯ ಹಂತದ ರಸ್ತೆಗಳಲ್ಲಿ ತೆಂಗಿನ ನಾರಿನ ಹಾಸುಗಳ ಬಳಕೆಗೆ ಅನುಮತಿಯನ್ನು ಕೊಟ್ಟಿದೆ.

ತೋಟದ ರಸ್ತೆಯ ಮಗ್ಗುಲಲ್ಲಿ ಕಲ್ಲು ತುಂಬಿದ ಬಸಿಗಾಲುವೆಗೆ, ಬಹುಕಾಲ ಬಾಳಬೇಕಾದ್ದರಿಂದ, ಸೂಜಿಯಿಂದ ಬಂಧಿಸಿದ ಪ್ಲಾಸ್ಟಿಕ್ ನಾರಿನ ಹಾಸನ್ನು ಉಪಯೋಗಿಸಬಹುದು. ಕಾಲುವೆಯೊಳಗೆ ಹಾಸನ್ನು ಹಾಸಿ, ಜಲ್ಲಿಯನ್ನು ತುಂಬಿ, ಅಂಚುಗಳನ್ನು ಮೇಲೆ ಮಡಿಸಿ ಮುಚ್ಚಿದರೆ ನೀರು ಬಸಿಯುವುದು, ಹೂಳು ಜಲ್ಲಿಯೊಳಗೆ ಸೇರದು. ಹಾಸು ಪೂರ್ತಿಯಾಗಿ ಮಣ್ಣಿನೊಳಗೆ ಮುಚ್ಚಿರಬೇಕು; ಬಿಸಿಲು ಬಿದ್ದರೆ ಕೆಡುವುದು.

ಹೊಸದಾಗಿ ನೆಟ್ಟ ಕಾಫಿ, ಮೆಣಸಿನ ಗಿಡಗಳ ಬುಡಕ್ಕೆ ತೆಂಗಿನ ನಾರಿನ ಬಿಲ್ಲೆಯನ್ನು ಹಾಕಿದರೆ ಕಳೆ ಕಡಮೆಯಾಗಿ ಬೇಸಗೆಯಲ್ಲಿ ತೇವವು ಉಳಿಯುತ್ತದೆ. ತರಗೆಲೆ ಧಾರಾಳವಾಗಿರುವ ತೋಟಕ್ಕೆ ಈ ಖರ್ಚು ಅನಾವಶ್ಯಕ.

೭. ಧರೆಗೆ ಹಾಸುವ ಕ್ರಮ

ಕೆಲಸವನ್ನು ಮೇ ತಿಂಗಳೊಳಗೆ ಮುಗಿಸತಕ್ಕದ್ದು. ಮೊದಲು ಧರೆಯ ನೆತ್ತಿಯ ಹಿಂದೆ ಒಂದು ಅಡ್ಡಗಾಲುವೆಯನ್ನು ತೋಡಿ, ಮೇಲಿನ ನೀರನ್ನು ಮಗ್ಗುಲಿಗೆ ತಿರುಗಿಸಬೇಕು. ಅನಂತರ ಧರೆಯ ಮೈಯಲ್ಲಿರುವ ಕಲ್ಲು ಬೇರುಗಳನ್ನು ತೆಗೆದು ಸಮಮಾಡಿ, ಹುಲ್ಲಿನ ಬೀಜವನ್ನು ಚೆಲ್ಲಬೇಕು. ನೆತ್ತಿಯಲ್ಲಿ ಒಂದಡಿ ಆಳದ ಗುಳಿಯನ್ನು ತೆಗೆದು, ಹಾಸಿನ ತುದಿಯನ್ನು ಅದರಲ್ಲಿ ಹೂತು, ಮಣ್ಣು ತುಂಬಿ ಅದುಮಿ, ಸುರುಳಿಯನ್ನು ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಂಡು ಹೋಗಬೇಕು. ಪಕ್ಕದ ಸುರುಳಿಯು ಅರ್ಧ ಅಡಿಯಷ್ಟು ಮೇಲೆ ಬರುವಂತೆ ಹಾಸಿ, ಬಿದಿರಿನ ಗೂಟಗಳನ್ನು ಬಡಿಯಬೇಕು. ಹಾಸು ಎಲ್ಲೆಡೆಯೂ ಮಣ್ಣಿಗೆ ತಾಗಿರುವುದು ಮುಖ್ಯ. ಅಡಿಯಲ್ಲಿ ಪೊಳ್ಳು ಇದ್ದರೆ ನೀರು ಅಲ್ಲಿಯೇ ದಾರಿಮಾಡಿಕೊಂಡು ಹಾಸಿನ ಕೆಳಗೆ ಮಣ್ಣನ್ನು ಕೊರೆಯುವುದು. ಮೊದಲ ಮಳೆ ಬಿದ್ದ ಮೇಲೆ ಹಾಸನ್ನು ಅಲ್ಲಲ್ಲಿ ಸೀಳಿ ಲಾವಂಚದ ಸಸಿಗಳನ್ನು ಅಡ್ಡಸಾಲಾಗಿ ನೆಡತಕ್ಕದ್ದು.

೮. ಹಾಸಿನಿಂದ ಆಗದ ಕೆಲಸ

ಮೇಲ್ಮಣ್ಣು ಕೊಚ್ಚಿಹೋಗುವುದು ಬೇರೆ, ಗುಡ್ಡವು ಆಳದಿಂದ ಜಾರುವುದು ಬೇರೆ. ಮೊದಲನೆಯದನ್ನು ಹಾಸು ತಡೆಯುತ್ತದೆ. ಎರಡನೆಯದನ್ನು ಯಾವ ಹಾಸೂ ತಡೆಯಲಾರದು. ನೆಲದಲ್ಲಿ ಹೊಸ ಬಿರುಕು ಕಂಡರೆ, ಮರಗಳು ಒಂದೇ ಕಡೆಗೆ ವಾಲಿದರೆ, ತಿಳಿಯಾಗಿದ್ದ ಒರತೆಯು ರಾಡಿಯಾಗಿ ಹರಿದರೆ, ಮನೆಯ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಅಂಥ ಸ್ಥಳದಲ್ಲಿ ಹಾಸಿಗೆ ಹಣ ಹಾಕುವುದನ್ನು ಬಿಟ್ಟು, ಕೆಳಗಿನ ಮನೆಗಳವರನ್ನು ಬೇರೆಡೆಗೆ ಕಳುಹಿಸಿ, ತಾಲ್ಲೂಕು ಕಚೇರಿಗೆ ಆ ಕ್ಷಣವೇ ತಿಳಿಸಬೇಕು. ಇದು ಗ್ರಾಮದ ಮುಖಂಡರ ಮೇಲಿನ ಮುಖ್ಯವಾದ ಹೊಣೆ.

೯. ಗ್ರಾಮದಲ್ಲಿ ತಯಾರಿಸಬಹುದೇ?

ಸೂಜಿಯ ಹಾಸಿಗೆ ನಾರು ಬಿಡಿಸುವ ಯಂತ್ರ, ಪದರ ಹರಡುವ ಯಂತ್ರ, ಸೂಜಿಯಂತ್ರ ಇವು ಮೂರೂ, ಕಡಿಯದ ವಿದ್ಯುತ್ತೂ, ವರ್ಷವಿಡೀ ನಾರಿನ ಸರಬರಾಜೂ ಬೇಕು. ತೆಂಗು ವಿರಳವಾದ ನಮ್ಮ ಸೀಮೆಯಲ್ಲಿ ಒಬ್ಬ ಭೂಮಾಲೀಕನು ಇದಕ್ಕೆ ಕೈಹಾಕುವುದು ವಿವೇಕವಲ್ಲ. ಹೊಲಿಗೆಯ ಹಾಸನ್ನಾದರೋ, ನಾರನ್ನು ತರಿಸಿಕೊಂಡು, ಮಹಿಳೆಯರ ಸ್ವಸಹಾಯ ಸಂಘಗಳ ಮೂಲಕ ಬೇಸಗೆಯಲ್ಲಿ ಸ್ಥಳೀಯವಾಗಿಯೇ ಮಾಡಿಸಬಹುದು. ಈ ವಿಷಯದಲ್ಲಿ ಸಲಹೆ ಬೇಕಾದವರು ೧೯೫೩ರ ಕಾಯಿದೆಯ ಮೇರೆಗೆ ಸ್ಥಾಪಿತವಾದ ತೆಂಗಿನ ನಾರು ಮಂಡಳಿಯ ಬೆಂಗಳೂರಿನ ಕೇಂದ್ರ ತೆಂಗಿನ ನಾರು ತಂತ್ರಜ್ಞಾನ ಸಂಸ್ಥೆಯನ್ನಾಗಲಿ, ಕರ್ನಾಟಕ ರಾಜ್ಯ ತೆಂಗಿನ ನಾರು ಅಭಿವೃದ್ಧಿ ನಿಗಮವನ್ನಾಗಲಿ ವಿಚಾರಿಸಬಹುದು.

ಮೊದಲನೆಯ ವರ್ಷ ಒಂದು ಧರೆಯ ಅರ್ಧಭಾಗಕ್ಕೆ ಮಾತ್ರ ಹಾಸನ್ನು ಹಾಕಿ, ಉಳಿದ ಅರ್ಧಭಾಗವನ್ನು ಹಾಗೆಯೇ ಬಿಟ್ಟು, ಕೆಳಗಿನ ಚರಂಡಿಯಲ್ಲಿ ಎರಡು ಕಡೆಯೂ ನಿಂತ ಮಣ್ಣನ್ನು ಬುಟ್ಟಿಯಿಂದ ಅಳೆದು ನೋಡುವುದು ಲೇಸು. ಆ ಲೆಕ್ಕವನ್ನು ಗ್ರಾಮದವರೆಲ್ಲರಿಗೂ ತೋರಿಸಿದಲ್ಲಿ, ಮುಂದಿನ ವರ್ಷ ಎಷ್ಟು ಖರ್ಚು ಮಾಡಬಹುದೆಂಬುದು ತಾನಾಗಿಯೇ ತಿಳಿಯುವುದು.