ಏಳು ಬೈಟ್ ತಟ್ಟಿದರೆ ಬಾಯಿ ಬಿಡುವ ರೇಡಿಯೊ

ಬಾವೊಫೆಂಗ್ ಯುವಿ-5ಆರ್ ಎಂಬ ಅಗ್ಗದ ಚೀನೀ ಕೈ-ರೇಡಿಯೊವನ್ನು ನೋಡದ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ) ಇರಲಿಕ್ಕಿಲ್ಲ. 128 ಚಾನೆಲ್ ನೆನಪಿಟ್ಟುಕೊಳ್ಳುತ್ತದೆ. ಆದರೆ ಒಂದು ರಿಪೀಟರ್ (ಮರುಪ್ರಸಾರ ಕೇಂದ್ರ) ವಿವರ ತುಂಬಿಸಬೇಕೆಂದರೆ ಕೇಳುವ ಆವರ್ತನ, ಕಳಿಸುವ ಆವರ್ತನ, ಟೋನ್ ಎಲ್ಲಕ್ಕೂ ಮೆನುವಿನಲ್ಲಿ ಅಲೆಯಬೇಕು. ಚಾನೆಲ್ಲಿಗೆ ಹೆಸರಿಡುವುದಂತೂ ಅದರ ಗುಂಡಿಗಳಿಂದ ಆಗುವ ಕೆಲಸವೇ ಅಲ್ಲ. ಕಂಪ್ಯೂಟರ್ ಬೇಕೇ ಬೇಕು.

ನಡುವಿನ ಕೇಬಲ್ ಬರೀ ತಂತಿಯಲ್ಲ. ಅದರ ಯುಎಸ್‌ಬಿ ತುದಿಯ ದಪ್ಪ ಭಾಗದಲ್ಲೊಂದು ಚಿಪ್ ಕೂತಿರುತ್ತದೆ. ರೇಡಿಯೊಗೆ ಯುಎಸ್‌ಬಿ ತಿಳಿಯದು. ಒಂದರ ಹಿಂದೊಂದು ಬಿಟ್ ಬರುವ ಹಳೆಯ ಸೀರಿಯಲ್ ಪದ್ಧತಿ, ಅದೂ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಅಷ್ಟೇ ಗೊತ್ತು. ಚಿಪ್‌ನದು ದುಭಾಷಿ ಕೆಲಸ. ತಂಟೆ ಶುರುವಾಗುವುದೂ ಇಲ್ಲೇ. ಅಗ್ಗದ ಕೇಬಲ್‌ಗಳಲ್ಲಿ ಪ್ರೊಲಿಫಿಕ್ ಕಂಪನಿಯ ಪಿಎಲ್2303 ಚಿಪ್‌ನ ನಕಲುಗಳು ಹೇರಳ. ಕಂಪನಿಯ ಹೊಸ ವಿಂಡೋಸ್ ಡ್ರೈವರ್ ನಕಲಿಯನ್ನು ಪತ್ತೆಹಚ್ಚಿ ಕೈಚೆಲ್ಲುತ್ತದೆ. ಹಳೆಯ ಡ್ರೈವರ್ ಹುಡುಕಿ ಹಾಕಬೇಕು. ನನ್ನನ್ನು ಕೇಳಿದರೆ, ನಾಲ್ಕು ಕಾಸು ಹೆಚ್ಚು ಕೊಟ್ಟು ಎಫ್‌ಟಿಡಿಐ ಚಿಪ್‌ನ ಕೇಬಲ್ ಕೊಳ್ಳುವುದೇ ವಾಸಿ.

ಇನ್ನೊಂದು ತುದಿಯಲ್ಲಿ 2.5 ಮತ್ತು 3.5 ಮಿ.ಮೀ.ನ ಎರಡು ಪಿನ್. ಮೈಕ್ ಸಿಕ್ಕಿಸುವ ತೂತಿಗೇ ಇದನ್ನೂ ಸಿಕ್ಕಿಸಬೇಕು. ಪ್ಲಗ್‌ನ ಪ್ಲಾಸ್ಟಿಕ್ ರೇಡಿಯೊದ ಅಂಚಿಗೆ ತಾಗಿ, ಪಿನ್ ಪೂರ್ತಿ ಒಳಹೋಗದೆ ಕೂದಲೆಳೆಯಷ್ಟು ಹೊರಗುಳಿಯುವುದುಂಟು. 'ರೇಡಿಯೊ ಉತ್ತರಿಸುತ್ತಿಲ್ಲ' ಎಂದು ತೆರೆಯ ಮೇಲೆ ಬಂದರೆ ಮೊದಲು ಅದನ್ನು ಗಟ್ಟಿಯಾಗಿ ಒತ್ತಿ ನೋಡಿ.

ಸಂಪರ್ಕ ಸರಿಯಿದ್ದರೆ ಮಾತುಕತೆ ಸ್ವಾರಸ್ಯವಾಗಿದೆ. ಕಂಪ್ಯೂಟರ್ ಏಳು ಬೈಟ್ ಕಳಿಸುತ್ತದೆ, ಹೆಕ್ಸಾಡೆಸಿಮಲ್ ಬರಹದಲ್ಲಿ: 50 ಬಿಬಿ ಎಫ್‌ಎಫ್ 20 12 07 25. ಕೊನೆಯ ನಾಲ್ಕನ್ನು ಒಟ್ಟಿಗೆ ಓದಿ. 2012ರ ಜುಲೈ 25 ಎಂಬ ತಾರೀಖಿನಂತಿಲ್ಲವೇ? ರೇಡಿಯೊದ ಉತ್ತರ ಒಂದೇ ಬೈಟ್, 06: 'ಸರಿ, ತಲುಪಿತು'. ಬಳಿಕ ನೆನಪು 64 ಬೈಟ್‌ಗಳ ತುಂಡುಗಳಾಗಿ ಹರಿದುಬರುತ್ತದೆ. ಒಂದು ಚಾನೆಲ್ಲಿಗೆ 16 ಬೈಟ್. 128 ಚಾನೆಲ್ ಸೇರಿದರೂ 2048 ಬೈಟ್, ಮೊಬೈಲಿನ ಒಂದು ಫೋಟೊದ ಮುಂದೆ ಏನೂ ಅಲ್ಲ. ಆವರ್ತನವನ್ನು ಬರೆದಿಡುವ ರೀತಿಯೂ ಹಿಂದುಮುಂದು: 145.600 ಮೆಗಾಹರ್ಟ್ಸ್ ಅಲ್ಲಿ 00 00 56 14 ಆಗಿ ಕೂತಿರುತ್ತದೆ.

ಚರ್ಪ್ ಎಂಬ ಉಚಿತ ತಂತ್ರಾಂಶ ಇದನ್ನೆಲ್ಲ ಬಿಡಿಸಿ ಕೋಷ್ಟಕವಾಗಿ ತೋರಿಸುತ್ತದೆ. ತಿದ್ದಿ ಮರಳಿ ಬರೆಯುವಾಗ 16 ಬೈಟ್‌ಗಳ ಸಣ್ಣ ತುಂಡು. ಪ್ರತಿ ತುಂಡಿಗೂ 06 ಬಂದ ಮೇಲೇ ಮುಂದಿನದು. ನಡುವೆ ಪ್ಲಗ್ ಜಾರಿತೋ, ಅರ್ಧ ಹಳತು ಅರ್ಧ ಹೊಸತು. ಆದ್ದರಿಂದ ಮೊದಲು ಓದಿದ ಕಡತಕ್ಕೆ ಕೈಹಚ್ಚದೆ ಬೇರೆ ಹೆಸರಿನಲ್ಲಿ ಉಳಿಸಿ, ತಿದ್ದುವುದನ್ನು ಅದರ ಪ್ರತಿಯಲ್ಲಿ ಮಾಡಬೇಕು.